ಹೂ ಉದುರಿದ ಮೇಲಿನ ಆರ್ಕಿಡ್: ಮುಲುಂಡಿನ ಬಾಲ್ಕನಿಯಲ್ಲಿ ಕುಂಡ ಬದಲಿಸಿದ ಕಥೆ

ಮುಂಬೈಯ ಮುಲುಂಡಿನ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ದೀಪಾವಳಿ ಕಳೆದು ಎರಡು ಮೂರು ತಿಂಗಳಾದರೆ ಸಾಕು, ಕಸದ ಡಬ್ಬಿಗಳ ಪಕ್ಕ ಆರ್ಕಿಡ್ ಕುಂಡಗಳು ಕಾಣಿಸಿಕೊಳ್ಳುತ್ತವೆ. ಹಬ್ಬಕ್ಕೆ ಆಫೀಸಿನವರೋ ನೆಂಟರೋ ಕೊಟ್ಟ ಉಡುಗೊರೆ ಅದು. ಹೆಚ್ಚಿನವು ಫೆಲನಾಪ್ಸಿಸ್ ಎಂಬ ಬಗೆಯ ಆರ್ಕಿಡ್. ಅದರ ಹೂ ಎರಡು ಮೂರು ತಿಂಗಳು ನಿಲ್ಲುತ್ತದೆ, ಆಮೇಲೆ ಒಂದೊಂದಾಗಿ ಬೀಳುತ್ತದೆ. ಕೊನೆಗೆ ನಾಲ್ಕೈದು ದಪ್ಪ ಎಲೆ ಮತ್ತು ಒಂದು ಬೋಳು ಕಡ್ಡಿ ಉಳಿಯುತ್ತವೆ. ಗಿಡ ಸತ್ತೇ ಹೋಯಿತು ಅಂದುಕೊಂಡು ಜನ ಕೆಳಗೆ ತಂದಿಟ್ಟು ಹೋಗುತ್ತಾರೆ. ಏಳೆಂಟು ನೂರು ರೂಪಾಯಿಯ ಗಿಡ! ನಮ್ಮ ವಾಚ್‌ಮನ್‌ಗೆ ಈಗ ನನ್ನ ಹುಚ್ಚು ಗೊತ್ತು. ಅಂಥದ್ದು ಕಂಡರೆ ಇಂಟರ್‌ಕಾಮ್‌ನಲ್ಲಿ ಹೇಳುತ್ತಾರೆ. ನನ್ನ ಹತ್ತಿರ ಇರುವ ಗಿಡಗಳಲ್ಲಿ ಅರ್ಧದಷ್ಟು ಹಾಗೆ ಬಂದವು. ಉಳಿದವನ್ನು ಮಾತ್ರ ದುಡ್ಡು ಕೊಟ್ಟು ತಂದದ್ದು.

ಹೀಗೆ ಬಂದ ಗಿಡಗಳಿಗೆ ಈ ಸಲ ಯುಗಾದಿಯ ಹೊತ್ತಿಗೆ ಕುಂಡ ಬದಲಿಸಿ, ಮಳೆಗಾಲ ಪೂರ್ತಿ ಗೊಬ್ಬರ ಕೊಟ್ಟು ನೋಡಿದೆ. ಏನೇನು ಮಾಡಿದೆ, ಯಾಕೆ ಹಾಗೆ ಮಾಡಿದೆ ಎಂಬುದನ್ನು ಬರೆದಿಡುತ್ತಿದ್ದೇನೆ. ನಮ್ಮೂರ ಹವೆಗೆ ಹೊಂದುವ ಮಾಹಿತಿ ಕನ್ನಡದಲ್ಲಿ ನನಗೆ ಹೆಚ್ಚು ಸಿಗಲಿಲ್ಲ. ವಿಡಿಯೋಗಳಲ್ಲಿ ಹೇಳುವುದೆಲ್ಲ ಚಳಿ ದೇಶದವರ ಲೆಕ್ಕ.

ಶಿರಸಿ ಕಡೆ ಬೆಳೆದವಳಿಗೆ ಆರ್ಕಿಡ್ ಹೊಸದೇನಲ್ಲ. ನಮ್ಮಲ್ಲಿ ಅದು ಸೀತಾಳೆ. ಅಂಗಳದ ಹಲಸಿನ ಮರದ ಮೇಲೆ, ತೋಟದ ದಾರಿಯ ಮಾವಿನ ಕೊಂಬೆಯ ಮೇಲೆ ತಾನಾಗಿಯೇ ಬೆಳೆಯುತ್ತದೆ. ಮಳೆಗಾಲ ಹತ್ತಿರ ಬಂದಾಗ ಗುಲಾಬಿ ಚುಕ್ಕೆಯ ಬಿಳಿ ಹೂವಿನ ದಂಡೆ ಇಳಿಬಿಡುತ್ತದೆ. ನಾವು ಅದನ್ನು ಹಾಗೇ ಮುರಿದು ಮುಡಿದುಕೊಳ್ಳುತ್ತಿದ್ದೆವು. ಅದಕ್ಕೆ ಯಾರಾದರೂ ಮಣ್ಣು ಹಾಕಿದ್ದು, ನೀರು ಹೊಯ್ದದ್ದು ನಾನು ನೋಡಿಲ್ಲ. ಬೇರು ಮರದ ತೊಗಟೆಗೆ ಅಂಟಿಕೊಂಡು ಗಾಳಿಯಲ್ಲೇ ಇರುತ್ತದೆ. ಮಳೆ ಬಂದರೆ ನೆನೆಯುತ್ತದೆ. ಮಳೆ ನಿಂತು ಗಾಳಿ ಬೀಸಿದರೆ ಒಣಗುತ್ತದೆ. ಅಷ್ಟೇ ಅದರ ಬದುಕು.

ಅಂಗಡಿಯ ಫೆಲನಾಪ್ಸಿಸ್‌ನ ಹಿರಿಯರೂ ಇಂಥವರೇ. ಇಂಡೋನೇಷ್ಯಾ, ಫಿಲಿಪ್ಪೀನ್ಸ್ ಕಡೆಯ ಬಿಸಿ ಕಾಡುಗಳಲ್ಲಿ ಮರ ಹತ್ತಿ ಕೂತವರು. 1825ರಲ್ಲಿ ಬ್ಲೂಮ್ ಎಂಬ ಸಸ್ಯವಿಜ್ಞಾನಿ ಈ ಕುಲಕ್ಕೆ ಹೆಸರು ಕೊಟ್ಟರು. ಇದೇ ಕುಲದ ಒಂದು ಪುಟ್ಟ ಗಿಡ ನಮ್ಮ ಘಟ್ಟದಲ್ಲೂ ಇದೆ. ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಲೇಜಿನಲ್ಲಿದ್ದ ಪಾದ್ರಿ ಸೆಸಿಲ್ ಸಲ್ದಾನ 1974ರಲ್ಲಿ ಅದಕ್ಕೆ ಫೆಲನಾಪ್ಸಿಸ್ ಮೈಸೊರೆನ್ಸಿಸ್ ಎಂದು ಹೆಸರಿಟ್ಟರು. ಅಂದರೆ ಡ್ರಾಯಿಂಗ್ ರೂಮಿನ ಈ ನಾಜೂಕು ಹೂವಿಗೂ ನಮ್ಮ ಹಲಸಿನ ಮರಕ್ಕೂ ದೂರದ ನೆಂಟಸ್ತಿಕೆ ಉಂಟು. ಇದನ್ನು ನೆನಪಿಟ್ಟುಕೊಂಡರೆ ಕುಂಡದಲ್ಲಿ ಏನು ಹಾಕಬೇಕು, ಏನು ಹಾಕಬಾರದು ಎಂಬುದು ಅರ್ಧ ತಿಳಿದ ಹಾಗೆ. ಮಣ್ಣು ಮಾತ್ರ ಬೇಡವೇ ಬೇಡ.

ಎಲ್ಲ ಗಿಡಕ್ಕೂ ಪ್ರತಿವರ್ಷ ಕುಂಡ ಬದಲಿಸಬೇಕಿಲ್ಲ. ಕುಂಡದಲ್ಲಿ ಮಣ್ಣಿನ ಬದಲು ತುಂಬಿರುವ ಮರದ ತೊಗಟೆ ಚೂರುಗಳು ಗಟ್ಟಿ ಇರುವ ತನಕ ಸುಮ್ನೆ ಬಿಡಬಹುದು. ಪುಸ್ತಕದ ಲೆಕ್ಕದಲ್ಲಿ ತೊಗಟೆ ಒಂದೂವರೆ ಎರಡು ವರ್ಷ ಬಾಳುತ್ತದೆ. ಮುಂಬೈಯ ಸೆಕೆ ಮತ್ತು ಮಳೆಯಲ್ಲಿ ಅದಕ್ಕಿಂತ ಬೇಗ ಕೊಳೆಯುತ್ತದೆ. ಬೆರಳಲ್ಲಿ ಹಿಸುಕಿದರೆ ಪುಡಿಯಾಯಿತು ಅಂದರೆ ಅದರ ಕಾಲ ಮುಗಿಯಿತು. ಪುಡಿ ಕೆಳಗಿಳಿದು ಕೆಸರಾಗುತ್ತದೆ. ಬೇರಿಗೆ ಗಾಳಿ ಹೋಗುವುದಿಲ್ಲ. ಪಾರದರ್ಶಕ ಕುಂಡವಾದರೆ ಹೊರಗಿನಿಂದಲೇ ಗೊತ್ತಾಗುತ್ತದೆ. ಒಣಗಿದಾಗ ಬೆಳ್ಳಿ ಬಣ್ಣ, ನೆನೆದಾಗ ಹಸಿರು ಕಂಡರೆ ಬೇರು ಚೆನ್ನಾಗಿದೆ. ಯಾವಾಗ ನೋಡಿದರೂ ಕಂದು ಬಣ್ಣವೇ ಇದ್ದರೆ ಏನೋ ಎಡವಟ್ಟಾಗಿದೆ.

ಸಮಯ ಮುಖ್ಯ. ಹೂ ಇರುವಾಗ ಗಿಡ ಮುಟ್ಟಬಾರದು. ಹೂ ಮುಗಿದು, ಬೇರಿನ ತುದಿಯಲ್ಲಿ ಹೊಸ ಹಸಿರು ಕಾಣಿಸಿಕೊಂಡಾಗ ಕೈ ಹಾಕಬೇಕು. ಕೆಲವು ಗಿಡಗಳಲ್ಲಿ ಆ ತುದಿ ಕೆಂಪಗಿರುತ್ತದೆ. ಗಿಡ ತಾನೇ ಬೇರು ಬಿಡಲು ಹೊರಟಿರುವಾಗ ಪೆಟ್ಟು ಬೇಗ ಮಾಯುತ್ತದೆ. ನಮ್ಮಲ್ಲಿ ಫೆಬ್ರವರಿ ಕೊನೆಯಿಂದ ಮಾರ್ಚ್ ತನಕ ಇದು ಕಾಣುತ್ತದೆ. ಮೇ ತಿಂಗಳಿಗೆ ಬಿಟ್ಟರೆ ಸೆಕೆ ಕೊಲ್ಲುತ್ತದೆ. ಜೂನ್ ಬಂತು ಅಂದರೆ ಗಾಯ ಒಣಗುವ ಮೊದಲೇ ಬೂಷ್ಟು. ಹಾಗಾಗಿ ಗುಡಿ ಪಾಡ್ವಾ ರಜೆ ಸರಿಯಾದ ದಿನ ಅನಿಸಿತು. ಅದೇ ನಮ್ಮ ಯುಗಾದಿ ಅಲ್ವಾ. ಬೆಳಗ್ಗೆ ಬೇವು ಬೆಲ್ಲ, ಮಧ್ಯಾಹ್ನ ಹೋಳಿಗೆ ಊಟ, ಆಮೇಲೆ ಬಾಲ್ಕನಿ. ಮನೆಯವರು ‘ಹಬ್ಬದ ದಿನ ಇದೇನು ಗಲೀಜು’ ಅಂದರು. ಹಳೆಯ ‘ಕರ್ನಾಟಕ ಮಲ್ಲ’ ಪೇಪರ್ ಹಾಸಿಕೊಂಡು ಕೂತೆ.

ಸಾಮಾನು ಹಿಂದಿನ ದಿನವೇ ತಯಾರಿತ್ತು. ಪೈನ್ ತೊಗಟೆಯನ್ನು ಆನ್‌ಲೈನ್‌ನಲ್ಲಿ ತರಿಸಿದ್ದೆ. ಚೀಲದ ತಳದಲ್ಲಿ ಯಾವಾಗಲೂ ಒಂದಿಷ್ಟು ಪುಡಿ ಇರುತ್ತದೆ. ಅದನ್ನು ಜರಡಿ ಹಿಡಿದು ತೆಗೆದು, ಹೆಬ್ಬೆರಳ ಉಗುರಿನಷ್ಟು ದೊಡ್ಡ ಚೂರುಗಳನ್ನು ಮಾತ್ರ ಇಟ್ಟುಕೊಂಡೆ. ರಾತ್ರಿಯಿಡೀ ನೆನೆಸಿದರೆ ನೀರು ಕಡು ಚಹಾ ಬಣ್ಣಕ್ಕೆ ತಿರುಗುತ್ತದೆ. ಹೆದರಬೇಕಿಲ್ಲ, ಚೆಲ್ಲಿದರಾಯಿತು. ಒಣ ತೊಗಟೆಯನ್ನು ಹಾಗೇ ತುಂಬಿದರೆ ಮೊದಲ ಕೆಲವು ವಾರ ನೀರು ಅದಕ್ಕೆ ಹಿಡಿಯುವುದೇ ಇಲ್ಲ, ಜಾರಿ ಹೋಗುತ್ತದೆ. ಇದ್ದಿಲನ್ನು ನಮ್ಮ ಬಿಲ್ಡಿಂಗ್ ಕೆಳಗೆ ಇಸ್ತ್ರಿ ಮಾಡುವವರು ಕೊಟ್ಟರು. ದುಡ್ಡು ಕೊಡಲು ಹೋದರೆ ನಕ್ಕರು. ತೆಂಗಿನ ಸಿಪ್ಪೆಯ ತುಂಡುಗಳನ್ನು ಎರಡು ಮೂರು ನೀರಿನಲ್ಲಿ ತೊಳೆಯಬೇಕು. ಕೆಲವು ಕಡೆ ಸಿಪ್ಪೆಯನ್ನು ಉಪ್ಪು ನೀರಿನಲ್ಲಿ ಕೊಳೆ ಹಾಕುವುದರಿಂದ ಉಪ್ಪು ಉಳಿದಿರುತ್ತದೆ. ಆರು ಪಾಲು ತೊಗಟೆ, ಎರಡು ಪಾಲು ಇದ್ದಿಲು, ಒಂದು ಪಾಲು ಸಿಪ್ಪೆ. ಮುಂಬೈಗೆ ಇದಕ್ಕಿಂತ ಜಾಸ್ತಿ ಸಿಪ್ಪೆ ಹಾಕಬಾರದು ಅನ್ನುವುದು ನನ್ನ ಅಭಿಪ್ರಾಯ. ಅದು ನೀರು ಹಿಡಿದಿಟ್ಟುಕೊಳ್ಳುತ್ತದೆ, ಆಗಸ್ಟಿನಲ್ಲಿ ಒಣಗುವುದೇ ಇಲ್ಲ.

ಬಿಡಿಸುವ ಮೊದಲು ಗಿಡವನ್ನು ಕುಂಡ ಸಮೇತ ಬಕೆಟ್ಟಿನಲ್ಲಿ ಅರ್ಧ ಗಂಟೆ ನೆನೆಸಿದೆ. ಒಣ ಬೇರು ಪಟಕ್ಕನೆ ಮುರಿಯುತ್ತದೆ, ನೆನೆದ ಬೇರು ಬಗ್ಗುತ್ತದೆ. ಕುಂಡದ ಸುತ್ತ ಒತ್ತಿ ಸಡಿಲ ಮಾಡಿ ಮೆಲ್ಲಗೆ ಎಳೆದರೆ ಬರುತ್ತದೆ. ಬರದಿದ್ದರೆ ಕುಂಡವನ್ನೇ ಕತ್ತರಿಸುವುದು ಒಳ್ಳೆಯದು. ಹತ್ತು ಹದಿನೈದು ರೂಪಾಯಿಯ ಪ್ಲಾಸ್ಟಿಕ್ಕಿಗಾಗಿ ಬೇರು ಕಳೆದುಕೊಳ್ಳುವುದು ಯಾಕೆ? ಮೊದಲ ಗಿಡ ಸಲೀಸಾಗಿ ಬಂತು. ತೊಗಟೆಗೆ ಕಾಡಿನ ವಾಸನೆ ಇತ್ತು. ಬೇರೆಲ್ಲ ಗಟ್ಟಿ. ಹಳೆಯದನ್ನು ಉದುರಿಸಿ, ಒಂದೆರಡು ಸತ್ತ ಬೇರು ತೆಗೆದು ಬದಿಗಿಟ್ಟೆ.

ಎರಡನೆಯದು ನಾನು ದುಡ್ಡು ಕೊಟ್ಟು ತಂದ ಗಿಡ. ನೇರಳೆ ಗೆರೆಯ ಹೂವಿನದು. ಕೆಲವು ತಿಂಗಳಿಂದ ಎಲೆ ಸೊರಗಿತ್ತು. ಹೊರಗಿನ ಬೇರು ನೋಡಿದರೆ ಚೆನ್ನಾಗಿಯೇ ಇತ್ತು. ತೊಗಟೆ ಉದುರಿಸುತ್ತಾ ನಡುವಿಗೆ ಬಂದಾಗ ಕೈಗೆ ಮೆತ್ತಗೆ ಏನೋ ಸಿಕ್ಕಿತು. ಚರಂಡಿ ವಾಸನೆ. ನೋಡಿದರೆ ಕಾಂಡದ ಬುಡಕ್ಕೆ ಸರಿಯಾಗಿ ಲಿಂಬೆ ಗಾತ್ರದ ಪಾಚಿ ಉಂಡೆ (ನೀರಿನ ಪಾಚಿಯಲ್ಲ, ಸಸಿ ನೆಡಲು ಬಳಸುವ ಸ್ಫ್ಯಾಗ್ನಮ್ ಪಾಚಿ), ಅದರ ಸುತ್ತ ಪ್ಲಾಸ್ಟಿಕ್ ಬಲೆ. ಹೊರಗಿನ ತೊಗಟೆ ಪೂರ್ತಿ ಒಣಗಿದ್ದರೂ ಒಳಗೆ ಅದು ಹಿಂಡಿದರೆ ನೀರು ಬರುವಷ್ಟು ಒದ್ದೆ.

ಪುಣೆಯ ಅತ್ತಿಗೆಗೆ ವಿಡಿಯೋ ಕಾಲ್ ಮಾಡಿದೆ. ಅವರು ಕೋಥ್ರೂಡ್‌ನಲ್ಲಿ ಆರ್ಕಿಡ್ ಬೆಳೆಸುತ್ತಾರೆ, ನನಗಿಂತ ಮೊದಲಿನಿಂದ.

‘ಏನೇ ಅದು, ಬಲೆ ಥರ ಕಾಣ್ತಿದೆ?’

‘ಬಲೆಯೇ ಅತ್ತಿಗೆ. ನರ್ಸರಿಯಲ್ಲೇ ಹಾಕಿದ್ದು. ಅಂಗಡಿಯವರು ಹೇಳಲೇ ಇಲ್ಲ ನೋಡಿ.’

‘ಕಿತ್ತು ಹಾಕು ಮತ್ತೆ.’

‘ಕಿತ್ತರೆ ಬೇರೂ ಅದರ ಜೊತೆ ಬರತ್ತೆ. ಕತ್ತರಿಸಬೇಕು.’

‘ಹಾಗಾದ್ರೆ ಉಗುರು ಕತ್ತರಿಯಲ್ಲಿ ಮಾಡು, ದೊಡ್ಡದು ಬೇಡ. ನಾನು ನೋಡ್ತಾ ಇರ್ತೀನಿ.’

ಈ ಉಂಡೆ ಬರುವುದಕ್ಕೆ ಕಾರಣ ಇದೆ. ಆರ್ಕಿಡ್ ಬೀಜ ಧೂಳಿನಷ್ಟು ಸಣ್ಣದು. ಮೊಳಕೆಗೆ ಬೇಕಾದ ಆಹಾರ ಅದರೊಳಗೆ ಇರುವುದಿಲ್ಲ. ಕಾಡಿನಲ್ಲಿ ಒಂದು ಶಿಲೀಂಧ್ರದ ನೆರವು ಸಿಕ್ಕರೆ ಮಾತ್ರ ಮೊಳೆಯುತ್ತದೆ. ಅಮೆರಿಕದ ಲೂಯಿಸ್ ನಡ್ಸನ್ 1922ರಲ್ಲಿ ಸಕ್ಕರೆ ಬೆರೆಸಿದ ಅಗರ್ ಎಂಬ ಜೆಲ್ಲಿಯ ಮೇಲೆ, ಶಿಲೀಂಧ್ರದ ಹಂಗಿಲ್ಲದೆ, ಬೀಜ ಮೊಳೆಯಿಸಿ ತೋರಿಸಿದರು. ಆರ್ಕಿಡ್ ಬಾಟಲಿಯಲ್ಲಿ ಹುಟ್ಟುವ ಗಿಡ ಆದದ್ದು ಅಲ್ಲಿಂದ. ಈಗ ಬೀಜವೂ ಬೇಡ, ಟಿಶ್ಯೂ ಕಲ್ಚರ್‌ನಲ್ಲಿ ಒಂದೇ ಗಿಡದಿಂದ ಸಾವಿರಗಟ್ಟಲೆ ತೆಗೆಯುತ್ತಾರೆ. ಅದಕ್ಕೇ ಶ್ರೀಮಂತರ ಹೂ ನಮ್ಮ ಕೈಗೂ ಸಿಕ್ಕಿತು. ಬಾಟಲಿಯಿಂದ ತೆಗೆದ ಪುಟ್ಟ ಸಸಿಯನ್ನು ಪಾಚಿಯ ಉಂಡೆಯಲ್ಲಿ ಕೂರಿಸಿ ಟ್ರೇಯಲ್ಲಿ ಸಾಲಾಗಿ ಇಡುತ್ತಾರೆ. ಗಿಡ ದೊಡ್ಡದಾದಾಗ ಉಂಡೆ ಸಮೇತ ದೊಡ್ಡ ಕುಂಡಕ್ಕೆ ಹಾಕಿ ಸುತ್ತ ತೊಗಟೆ ತುಂಬುತ್ತಾರೆ. ಅಳೆದು ನೀರು ಕೊಡುವ ಗ್ರೀನ್‌ಹೌಸ್‌ನಲ್ಲಿ ಅದು ಸರಿಯೇ. ನಮ್ಮ ಮನೆಗೆ ಬಂದ ಮೇಲೆ ಸಮಸ್ಯೆ ಶುರು. ಮೇಲಿನ ತೊಗಟೆ ಒಣಗಿದೆ ಎಂದು ನಾವು ನೀರು ಹಾಕುತ್ತೇವೆ, ಒಳಗಿನ ಉಂಡೆಗೆ ಒಣಗಲು ಪುರುಸೊತ್ತೇ ಸಿಗುವುದಿಲ್ಲ. ಹೊಸದಾಗಿ ಆರ್ಕಿಡ್ ತಂದವರಿಗೆ ನಾನು ಮೊದಲು ಹೇಳುವ ಮಾತು ಇದೇ: ಹೂ ಮುಗಿದ ತಕ್ಷಣ ಬುಡದಲ್ಲಿ ಬೆರಳು ಹಾಕಿ ನೋಡಿ, ಉಂಡೆ ಇದೆಯಾ ಅಂತ.

ಬಲೆಯನ್ನು ಚೂರು ಚೂರಾಗಿ ಕತ್ತರಿಸಿ ತೆಗೆದೆ. ಪಾಚಿಯನ್ನು ಚಿಮುಟದಲ್ಲಿ ಎಳೆ ಎಳೆಯಾಗಿ ಬಿಡಿಸಿದೆ. ಒಳಗಿನ ಬೇರುಗಳಲ್ಲಿ ಹೆಚ್ಚಿನವು ಹೋಗಿದ್ದವು. ಹಿಡಿದರೆ ಸಿಪ್ಪೆ ಜಾರಿ ಕೈಗೆ ಬರುತ್ತದೆ, ನಡುವಿನ ದಾರ ಮಾತ್ರ ಉಳಿಯುತ್ತದೆ. ಅಂಥದ್ದನ್ನು ಕತ್ತರಿಸಲೇಬೇಕು. ಬಣ್ಣ ನೋಡಿ ಮಾತ್ರ ನಿರ್ಧರಿಸಬಾರದು. ಹಳದಿ ಬಣ್ಣದ ಬೇರು ಬೆಳಕು ಕಾಣದೆ ಹಾಗಾಗಿರಬಹುದು, ಒತ್ತಿದರೆ ಗಟ್ಟಿ ಇದ್ದರೆ ಇರಲಿ. ಬೇರಿನ ಹೊರಗೆ ವೆಲಾಮೆನ್ ಎಂಬ ಬಿಳಿ ಪದರ ಇರುತ್ತದೆ. ನೀರು ಬಿದ್ದ ಕೂಡಲೇ ಹೀರಿ ಹಿಡಿದುಕೊಳ್ಳುವುದು ಅದೇ. ಅದು ಒದ್ದೆಯಾದಾಗ ಕೆಳಗಿನ ಹಸಿರು ಕಾಣುತ್ತದೆ. ಆ ಹಸಿರು ಸುಮ್ನೆ ಅಲ್ಲ, ಈ ಬೇರು ಎಲೆಯಂತೆ ಬೆಳಕಿನಿಂದ ಆಹಾರವನ್ನೂ ಮಾಡುತ್ತದೆ. ಪಾರದರ್ಶಕ ಕುಂಡ ಬಳಸುವುದರಲ್ಲಿ ಅದೂ ಒಂದು ಲಾಭ.

ಕತ್ತರಿಯ ವಿಷಯದಲ್ಲಿ ನಾನು ತುಂಬಾ ಕಟ್ಟುನಿಟ್ಟು. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗ ಬ್ಲೇಡನ್ನು ಗ್ಯಾಸ್ ಒಲೆಯ ಉರಿಗೆ ಹಿಡಿಯುತ್ತೇನೆ. ಆರ್ಕಿಡ್‌ಗೆ ಬರುವ ಎರಡು ವೈರಸ್‌ಗಳು, ಸಿಂಬಿಡಿಯಂ ಮೊಸಾಯಿಕ್ ಮತ್ತು ಒಡಾಂಟೊಗ್ಲಾಸಮ್ ರಿಂಗ್‌ಸ್ಪಾಟ್, ಹೆಚ್ಚಾಗಿ ಹರಡುವುದು ಕತ್ತರಿ ಚಾಕುಗಳಿಂದಲೇ. ಒಮ್ಮೆ ಬಂದರೆ ಔಷಧ ಇಲ್ಲ. ಅದರಲ್ಲೂ ಕಸದ ಡಬ್ಬಿ ಪಕ್ಕದಿಂದ ಬಂದ ಗಿಡಗಳ ಹಿಂದಿನ ಕಥೆ ನಮಗೇನು ಗೊತ್ತು? ಅತ್ತಿಗೆ ಇದನ್ನು ನೋಡಿ ‘ಆಪರೇಷನ್ ಥಿಯೇಟರ್ ಮಾಡ್ಕೊಂಡಿದ್ದೀಯಲ್ಲೇ’ ಎಂದು ನಕ್ಕರು. ನಗಲಿ. ಕಾಂಡದ ಗಾಯಕ್ಕೆ ದಾಲ್ಚಿನ್ನಿ ಪುಡಿ ಹಚ್ಚಿದೆ, ಅದು ಬೇಗ ಒಣಗಿಸುತ್ತದೆ. ಆದರೆ ಅದೇ ಕಾರಣಕ್ಕೆ ಒಳ್ಳೆಯ ಬೇರಿನ ಮೇಲೆ ಬೀಳದಂತೆ ನೋಡಿಕೊಳ್ಳಬೇಕು. ಬಿಡಿಸಿದ ಗಿಡಗಳನ್ನು ಆ ರಾತ್ರಿ ಹಾಗೇ ಪೇಪರ್ ಮೇಲೆ ಮಲಗಿಸಿದೆ. ಗಾಯ ಒಣಗಲಿ ಅಂತ.

ಹೂದಂಟಿನ ಬಗ್ಗೆ ಒಂದು ಮಾತು. ಗಿಡ ಗಟ್ಟಿಯಾಗಿದ್ದರೆ ಕೆಳಗಿನಿಂದ ಎರಡು ಮೂರು ಗೆಣ್ಣು ಬಿಟ್ಟು ಮೇಲೆ ಕತ್ತರಿಸಿದರೆ ಪಕ್ಕದಿಂದ ಮತ್ತೆ ಹೂ ಬರಬಹುದು. ಸೊರಗಿದ ಗಿಡವಾದರೆ ಬುಡಕ್ಕೇ ಕತ್ತರಿಸಿ. ಇನ್ನೊಂದು ಹೂವಿನ ಆಸೆಗೆ ಗಿಡವನ್ನು ಹಿಂಡುವುದು ಬೇಡ.

ಮರುದಿನ ಬೆಳಗ್ಗೆ ಕುಂಡಕ್ಕೆ ಹಾಕಿದೆ. ಕುಂಡ ದೊಡ್ಡದಿದ್ದರೆ ಗಿಡ ದೊಡ್ಡದಾಗುತ್ತದೆ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಬೇರು ಹಿಡಿಸುವಷ್ಟು ಗಾತ್ರ ಸಾಕು. ನೇರಳೆ ಗೆರೆಯ ಗಿಡಕ್ಕೆ ಮೊದಲಿಗಿಂತ ಸಣ್ಣ ಕುಂಡ ಬೇಕಾಯಿತು. ಬುಡದ ಕೊನೆಯ ಎಲೆ ಕುಂಡದ ಅಂಚಿನ ಮಟ್ಟಕ್ಕೆ ಬರುವಂತೆ ಹಿಡಿದು, ಸುತ್ತಲೂ ತೊಗಟೆ ಹಾಕಿ, ಕುಂಡವನ್ನು ನೆಲಕ್ಕೆ ಮೆಲ್ಲಗೆ ಕುಟ್ಟುತ್ತಾ ಹೋದೆ. ಬೆರಳಲ್ಲಿ ಅದುಮಬಾರದು. ಗಿಡ ಒಂದು ಚೂರು ಓರೆಯಾಗಿದ್ದರೆ ಒಳ್ಳೆಯದೇ. ಕಾಡಿನಲ್ಲಿ ಇವು ಮರದ ಬದಿಗೆ ಓರೆಯಾಗಿ ಜೋತುಕೊಂಡಿರುತ್ತವೆ, ಹಾಗಾಗಿ ಎಲೆಗಳ ನಡುವಿನ ಸುಳಿಯಲ್ಲಿ ಮಳೆನೀರು ನಿಲ್ಲುವುದಿಲ್ಲ. ನಾವು ಸೆಟೆದು ನಿಲ್ಲಿಸುತ್ತೇವೆ, ಸುಳಿಯಲ್ಲಿ ನೀರು ನಿಂತು ಕೊಳೆಯುತ್ತದೆ. ಫೆಲನಾಪ್ಸಿಸ್‌ಗೆ ಬೆಳೆಯುವ ತುದಿ ಒಂದೇ. ಸುಳಿ ಕೊಳೆತರೆ ಗಿಡದ ಕಥೆ ಹೆಚ್ಚುಕಡಿಮೆ ಮುಗಿದಂತೆ.

ಹೊರಗೆ ಚಾಚಿದ ಬೇರುಗಳನ್ನು ಹಾಗೇ ಬಿಟ್ಟೆ. ಚೆಂದ ಕಾಣಲಿ ಎಂದು ಬಲವಂತವಾಗಿ ಒಳಗೆ ತುರುಕಿದರೆ, ಗಾಳಿಗೆ ಒಗ್ಗಿದ ಬೇರು ಒಳಗೆ ಕೊಳೆಯುವ ಸಾಧ್ಯತೆ ಜಾಸ್ತಿ. ಎಲೆ ಹಿಡಿದು ಅಲ್ಲಾಡಿಸಿದರೆ ಗಿಡ ಕುಂಡದಲ್ಲಿ ಕುಣಿಯಬಾರದು. ಕುಣಿದರೆ ಹೊಸ ಬೇರಿನ ತುದಿ ತೊಗಟೆಗೆ ಉಜ್ಜಿ ಸಾಯುತ್ತದೆ. ಒಂದು ಬಿದಿರು ಕಡ್ಡಿ ಚುಚ್ಚಿ ದಾರ ಕಟ್ಟಿದರೆ ಆಯಿತು.

ಕಸದಿಂದ ಬಂದ ಒಂದು ಗಿಡಕ್ಕೆ ಬೇರೇ ಇರಲಿಲ್ಲ. ಎಲ್ಲ ಕತ್ತರಿಸಿದ ಮೇಲೆ ಉಳಿದದ್ದು ಮೂರು ಎಲೆ, ಒಂದು ಮೋಟು. ಅದನ್ನು ಹಿಂಡಿದ ಸ್ಫ್ಯಾಗ್ನಮ್ ಪಾಚಿಯ ಮೇಲೆ, ಪಾಚಿಗೆ ತಾಗಿಯೂ ತಾಗದಂತೆ, ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂರಿಸಿದೆ. ಮುಚ್ಚಳ ಅರ್ಧ ತೆರೆದಿತ್ತು. ಬೇರಿಲ್ಲದ ಗಿಡಕ್ಕೆ ನೀರು ಹೊಯ್ದರೆ ಕುಡಿಯುವುದು ಯಾವುದರಿಂದ? ಅದಕ್ಕೆ ಬೇಕಾದದ್ದು ಎಲೆಯಿಂದ ನೀರು ಆರಿಹೋಗದಂತೆ ಸುತ್ತ ತೇವದ ಗಾಳಿ. ಮುಂಬೈ ಮಳೆಗಾಲದಲ್ಲಿ ಅದಕ್ಕೆ ಬರವಿಲ್ಲ. ಒಂದು ಎಲೆ ಹಳದಿಯಾಗಿ ಬಿತ್ತು. ಗಣಪತಿ ಹಬ್ಬದ ಹೊತ್ತಿಗೆ ಬುಡದಲ್ಲಿ ಹಸಿರು ಮೊಳಕೆ ಕಂಡಿತು. ಅದು ಇನ್ನೂ ಡಬ್ಬಿಯಲ್ಲೇ ಇದೆ. ಹೂವಿನ ಮಾತು ಸದ್ಯಕ್ಕಿಲ್ಲ.

ಉಳಿದವಕ್ಕೆ ಮೂರು ನಾಲ್ಕು ದಿನ ನೀರು ಕೊಡಲಿಲ್ಲ. ಆಮೇಲೆ ಬೆಳಗಿನ ಹೊತ್ತು ಬಕೆಟ್ಟಿನಲ್ಲಿ ಹತ್ತು ನಿಮಿಷ ಮುಳುಗಿಸಿ, ಪೂರ್ತಿ ಬಸಿದು, ಸ್ಟ್ಯಾಂಡ್ ಮೇಲೆ. ಎಲೆಗಳು ಕೆಲವು ವಾರ ಜೋಲುತ್ತವೆ. ಆಗ ಕೈ ತುರಿಸುತ್ತದೆ, ಇನ್ನಷ್ಟು ನೀರು ಹಾಕೋಣ ಅಂತ. ಹಾಕಬಾರದು. ಬೇರು ಕಡಿಮೆಯಾಗಿರುವ ಕಾರಣ ಎಲೆ ಜೋತಿದೆಯೇ ಹೊರತು ನೀರು ಕಡಿಮೆಯಾಗಿ ಅಲ್ಲ. ಏಪ್ರಿಲ್ ಮೇ ತಿಂಗಳಲ್ಲಿ ಮೂರು ದಿನಕ್ಕೊಮ್ಮೆ, ಜುಲೈ ಆಗಸ್ಟಿನಲ್ಲಿ ವಾರ ಹತ್ತು ದಿನಕ್ಕೊಮ್ಮೆ. ಇದೂ ಅಂದಾಜು ಮಾತ್ರ. ಬೇರು ಬೆಳ್ಳಿ ಬಣ್ಣಕ್ಕೆ ಬಂದಾಗ ನೀರು ಅನ್ನುವುದೇ ನಿಜವಾದ ಲೆಕ್ಕ.

ನೀರಿನ ವಿಷಯದಲ್ಲಿ ಮುಂಬೈಯವರು ಪುಣ್ಯವಂತರು. ಭಾತ್ಸಾ, ವೈತರಣಾ, ತಾನ್ಸಾ ಕೆರೆಗಳ ನೀರು ಮೆದು. ನೀರಿನಲ್ಲಿ ಕರಗಿದ ಉಪ್ಪಿನಂಶ ಅಳೆಯುವ ನನ್ನ ಟಿಡಿಎಸ್ ಮೀಟರ್‌ನಲ್ಲಿ ನೂರರ ಒಳಗೇ ತೋರಿಸುತ್ತದೆ. ಆದರೆ ಮೇ ತಿಂಗಳಲ್ಲಿ ನೀರು ಕಡಿತವಾಗಿ ಸೊಸೈಟಿಗೆ ಟ್ಯಾಂಕರ್ ಬಂದಾಗ ಅದೇ ಮೀಟರ್ ಐದುನೂರು ದಾಟಿತು. ಬೋರ್‌ವೆಲ್ ನೀರು. ಕೆಲವೇ ವಾರದಲ್ಲಿ ತೊಗಟೆಯ ಮೇಲೆ ಬಿಳಿ ಉಪ್ಪು ಕಟ್ಟಿತು, ಒಂದೆರಡು ಬೇರಿನ ತುದಿ ಕಪ್ಪಾಯಿತು. ಆ ದಿನಗಳಲ್ಲಿ ಏಸಿಯಿಂದ ಸೋರುವ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಬಳಸಿದೆ. ಅದರಲ್ಲಿ ಉಪ್ಪಿನಂಶ ಇಲ್ಲವೆನ್ನುವಷ್ಟು ಕಡಿಮೆ. ಮಳೆ ಶುರುವಾದ ಮೇಲೆ ಚಿಂತೆ ಇಲ್ಲ, ಗ್ರಿಲ್ಲಿನ ಹೊರಗೆ ಪಾತ್ರೆ ಇಟ್ಟರಾಯಿತು.

ಇನ್ನು ಗೊಬ್ಬರ. ಎಲ್ಲರೂ ಮೊದಲು ಕೇಳುವುದು ಇದನ್ನೇ, ನನ್ನ ಮಟ್ಟಿಗೆ ಕೊನೆಯ ವಿಷಯ ಇದು. ಹೊಸ ಬೇರು ಕಾಣುವ ತನಕ ನಾನು ಏನೂ ಕೊಡಲಿಲ್ಲ. ಆಮೇಲೆ ನೀರಿನಲ್ಲಿ ಕರಗುವ 19:19:19, ಅಂದರೆ ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಶೇಕಡಾ 19ರಷ್ಟು ಇರುವ ಗೊಬ್ಬರ. ರೈತರ ಗೊಬ್ಬರದಂಗಡಿಯಲ್ಲಿ ಕಿಲೋ ಲೆಕ್ಕದಲ್ಲಿ ಸಿಗುತ್ತದೆ. ಆರ್ಕಿಡ್ ಚಿತ್ರ ಹಾಕಿದ ಸಣ್ಣ ಬಾಟಲಿಗೆ ಅದರ ಹತ್ತು ಪಟ್ಟು ಬೆಲೆ ಕೊಡುವ ಅಗತ್ಯ ನನಗೆ ಕಾಣುವುದಿಲ್ಲ. ಒಂದು ಲೀಟರ್ ನೀರಿಗೆ ಅರ್ಧ ಗ್ರಾಂ ಸಾಕು. ಸಾರಜನಕದ ಲೆಕ್ಕ ಹಾಕಿದರೆ ಲೀಟರಿಗೆ ಸುಮಾರು 95 ಮಿಲಿಗ್ರಾಂ ಆಯಿತು. ಅಡುಗೆಮನೆಯ ತಕ್ಕಡಿ ಅರ್ಧ ಗ್ರಾಂ ತೂಗುವುದಿಲ್ಲ. ಅದಕ್ಕೆ ಹತ್ತು ಗ್ರಾಂ ಗೊಬ್ಬರವನ್ನು ಒಂದು ಲೀಟರ್ ನೀರಿನಲ್ಲಿ ಕರಗಿಸಿ ಬಾಟಲಿಯಲ್ಲಿ ಇಟ್ಟೆ. ಅದರಿಂದ 50 ಮಿಲಿಲೀಟರ್ ತೆಗೆದು ಒಂದು ಲೀಟರಿಗೆ ಬೆರೆಸಿದರೆ ಅರ್ಧ ಗ್ರಾಂ ಸರಿಯಾಗಿ ಬರುತ್ತದೆ. ಮಕ್ಕಳ ಕೆಮ್ಮಿನ ಔಷಧದ ಅಳತೆ ಮುಚ್ಚಳ ಇದಕ್ಕೆ ಬಹಳ ಅನುಕೂಲ. ಬಾಟಲಿ ಮೇಲೆ ಏನೆಂದು ದೊಡ್ಡದಾಗಿ ಬರೆದು, ಕತ್ತಲಲ್ಲಿ, ಮಕ್ಕಳ ಕೈಗೆ ಸಿಗದ ಕಡೆ ಇಡಬೇಕು.

ಮೆದು ನೀರಿಗೆ ಒಂದು ಕೊರತೆ ಇದೆ. ಅದರಲ್ಲಿ ಸುಣ್ಣದ ಅಂಶವೂ ಮೆಗ್ನೀಷಿಯಂ ಕೂಡ ಕಡಿಮೆ. 19:19:19ರಲ್ಲೂ ಅವು ಇರುವುದಿಲ್ಲ. ಅದಕ್ಕೆ ಒಂದು ವಾರ ಅದು, ಮುಂದಿನ ವಾರ ಕ್ಯಾಲ್ಸಿಯಂ ನೈಟ್ರೇಟ್, ಅದೂ ಲೀಟರಿಗೆ ಅರ್ಧ ಗ್ರಾಂ. ತಿಂಗಳಿಗೊಮ್ಮೆ ಚಿಟಿಕೆ ಎಪ್ಸಮ್ ಉಪ್ಪು, ಅಂದರೆ ಮೆಗ್ನೀಷಿಯಂ ಸಲ್ಫೇಟ್. ಇವುಗಳ ಗಟ್ಟಿ ದ್ರಾವಣಗಳನ್ನು ಒಂದೇ ಬಾಟಲಿಯಲ್ಲಿ ಬೆರೆಸಬಾರದು. ಕ್ಯಾಲ್ಸಿಯಂ ಹೋಗಿ ಫಾಸ್ಫೇಟಿಗೋ ಸಲ್ಫೇಟಿಗೋ ಸೇರಿಕೊಂಡು ಬಿಳಿ ಗಷ್ಟಾಗಿ ತಳದಲ್ಲಿ ಕೂರುತ್ತದೆ, ಗಿಡಕ್ಕೆ ಸಿಗುವುದಿಲ್ಲ. ನಾಲ್ಕನೇ ವಾರ ಬರೀ ನೀರನ್ನು ಕುಂಡದ ಮೇಲಿನಿಂದ ಧಾರಾಳವಾಗಿ ಹರಿಸಿ ಉಪ್ಪೆಲ್ಲ ತೊಳೆದು ಹೋಗುವಂತೆ ಮಾಡುತ್ತೇನೆ. ಆ ವಾರ ತಪ್ಪಿಸಬಾರದು. ಗೊಬ್ಬರ ಒಂದು ತಿಂಗಳು ಮರೆತರೂ ಗಿಡಕ್ಕೆ ಏನೂ ಆಗುವುದಿಲ್ಲ.

ಅತ್ತಿಗೆಗೂ ನನಗೂ ಜಗಳ ಇರುವುದು ಅಕ್ಕಿ ತೊಳೆದ ನೀರಿನ ಬಗ್ಗೆ. ಅವರು ವಾರಕ್ಕೊಮ್ಮೆ ಅದನ್ನೇ ಹೊಯ್ಯುತ್ತಾರೆ. ಬಾಳೆಹಣ್ಣಿನ ಸಿಪ್ಪೆ ನೆನೆಸಿದ ನೀರೂ ಕೊಡುತ್ತಾರೆ. ಪ್ರತಿ ಜನವರಿಯಲ್ಲಿ ಅವರ ಮನೆಯಲ್ಲಿ ಹೂದಂಟು ಹೊರಡುತ್ತದೆ, ಫೋಟೋ ಬರುತ್ತದೆ. ‘ನೋಡು, ನಿನ್ನ ಗ್ರಾಂ ಲೆಕ್ಕ ನೀನೇ ಇಟ್ಕೋ’ ಅನ್ನುತ್ತಾರೆ. ನನ್ನ ವಾದ ಇಷ್ಟೇ. ಮಣ್ಣಿನಲ್ಲಿ ಇಂಥದ್ದನ್ನು ಅರಗಿಸಲು ಸೂಕ್ಷ್ಮಜೀವಿಗಳಿರುತ್ತವೆ. ತೊಗಟೆಯಲ್ಲಿ ಅವು ಅಷ್ಟಿಲ್ಲ. ಪಿಷ್ಟ ಅಲ್ಲೇ ಹುಳಿತು ಗುಂಗಾಡು ಬರುತ್ತದೆ, ತೊಗಟೆ ಬೇಗ ಕೊಳೆಯುತ್ತದೆ. ಅವರ ಹೂವಿಗೆ ಕಾರಣ ಅಕ್ಕಿ ನೀರಲ್ಲ, ಚಳಿಗಾಲದಲ್ಲಿ ಅವರ ಮನೆಯೊಳಗಿನ ತಂಪು.

ಇದು ಸುಮ್ನೆ ಬಾಯಿಮಾತಲ್ಲ. ಫೆಲನಾಪ್ಸಿಸ್ ಹೂದಂಟು ಬಿಡಲು ಕೆಲವು ವಾರ ತಂಪು ಬೇಕು. ರಾತ್ರಿ ಚಳಿ ಇದ್ದರೆ ಸಾಕು ಎಂದು ಬಹಳ ಜನ ನಂಬಿದ್ದಾರೆ. ಮಿಶಿಗನ್ ಸ್ಟೇಟ್ ಯೂನಿವರ್ಸಿಟಿಯ ಬ್ಲಾಂಚರ್ಡ್ ಮತ್ತು ರಂಕಲ್ 2006ರಲ್ಲಿ ಪ್ರಕಟಿಸಿದ ಪ್ರಯೋಗ ಬೇರೆಯೇ ಹೇಳುತ್ತದೆ. ನಿರ್ಧರಿಸುವುದು ಹಗಲಿನ ತಾಪಮಾನ. ಹಗಲು 29 ಡಿಗ್ರಿ ಇದ್ದರೆ, ರಾತ್ರಿ 17ಕ್ಕೆ ಇಳಿದರೂ ಹೂದಂಟು ಬರುವುದು ಕಷ್ಟ. ನಮ್ಮ ಮುಂಬೈ ಜನವರಿಯೂ ಹೆಚ್ಚುಕಡಿಮೆ ಅದೇ: ಹಗಲು 31ರ ಹತ್ತಿರ, ರಾತ್ರಿ 17. ಹೊರಗಿನ ಹಗಲು ಪುಣೆಯಲ್ಲೂ ಬಿಸಿಯೇ. ಆದರೆ ಅತ್ತಿಗೆಯ ಮನೆ ನೆಲಮಾಳಿಗೆಯ ಹಾಗೆ ತಂಪು. ಹಳೆಯ ಬಿಲ್ಡಿಂಗ್, ಗ್ರೌಂಡ್ ಫ್ಲೋರ್, ಮುಂದೆ ಮಾವಿನ ಮರ. ಕಳೆದ ಡಿಸೆಂಬರ್‌ನಲ್ಲಿ ಅವರ ಗಿಡಗಳ ಪಕ್ಕ ಥರ್ಮಾಮೀಟರ್ ಇಟ್ಟು ನೋಡಿದೆ, ಮಧ್ಯಾಹ್ನವೂ 23. ಅದೇ ವಾರ ನನ್ನ ಪೂರ್ವದ ಗ್ರಿಲ್ಲಿನಲ್ಲಿ 30. ಫಾಸ್ಫರಸ್ ಜಾಸ್ತಿ ಇರುವ ‘ಹೂ ತರಿಸುವ’ ಗೊಬ್ಬರಗಳ ಮೇಲೆ ನನಗೆ ನಂಬಿಕೆ ಹೋದದ್ದು ಆವತ್ತು.

ಅದಕ್ಕೆ ಈ ಚಳಿಗಾಲದಲ್ಲಿ ಗ್ರಿಲ್ಲಿನಿಂದ ತೆಗೆದು ಉತ್ತರದ ಮಲಗುವ ಕೋಣೆಯ ಕಿಟಕಿಗೆ ಇಡುವುದೆಂದು ತೀರ್ಮಾನಿಸಿದ್ದೇನೆ. ಅಲ್ಲಿ ಹಗಲು ನಾಲ್ಕೈದು ಡಿಗ್ರಿ ಕಡಿಮೆ. ಬೆಳಕೂ ಸ್ವಲ್ಪ ಕಡಿಮೆ, ಅದೊಂದು ಅನುಮಾನ ಇದೆ.

ಮಳೆಗಾಲದ ಕಾಟಗಳು ಬೇರೆ. ಗ್ರಿಲ್ಲಿಗೆ ತಾಡಪತ್ರಿ ಕಟ್ಟಿದರೆ ಮಳೆ ಹೊಡೆತ ತಪ್ಪುತ್ತದೆ, ಗಾಳಿಯೂ ನಿಲ್ಲುತ್ತದೆ. ಅದಕ್ಕೆ ಒಂದು ಸಣ್ಣ ಫ್ಯಾನ್ ಹಾಕಿದೆ. ಬಸವನಹುಳು ರಾತ್ರಿ ಬಂದು ಬೇರಿನ ಎಳೆ ತುದಿಯನ್ನೇ ಹುಡುಕಿ ತಿನ್ನುತ್ತದೆ, ಟಾರ್ಚ್ ಹಿಡಿದು ಆರಿಸಿ ತೆಗೆಯಬೇಕು. ಎಲೆಯ ಬುಡದಲ್ಲಿ ಹಿಟ್ಟು ತಿಗಣೆ ಕಂಡರೆ ಹತ್ತಿಯಲ್ಲಿ ಸ್ಪಿರಿಟ್ ಅದ್ದಿ ಒರೆಸಿದರೆ ಹೋಗುತ್ತದೆ. ಪಾರಿವಾಳಕ್ಕೆ ಮಾತ್ರ ಬಲೆಯೊಂದೇ ಮದ್ದು. ಬೇರೆ ಉಪಾಯ ಹೇಳುವವರನ್ನು ನಾನು ನಂಬುವುದಿಲ್ಲ.

ಈಗ ನೇರಳೆ ಗೆರೆಯ ಗಿಡದಲ್ಲಿ ಹೊಸ ಎಲೆಯೊಂದು ಪೂರ್ತಿ ಬಿಚ್ಚಿಕೊಂಡಿದೆ. ಕುಂಡದ ಗೋಡೆಗೆ ಅಂಟಿ ಹಸಿರು ಬೇರುಗಳು ಇಳಿದಿವೆ. ಅತ್ತಿಗೆಯೂ ತಮ್ಮ ಗಿಡಗಳ ಬುಡ ಕೆದಕಿ ನೋಡಿದರಂತೆ, ಎರಡರಲ್ಲಿ ಅದೇ ಪಾಚಿ ಉಂಡೆ. ‘ನಿನ್ನ ಮಿಶ್ರಣ ಒಂದು ಚೀಲ ತಂದುಕೊಡು’ ಅಂದರು. ಅದನ್ನು ಹಾಗೇ ಕೊಡುವಂತಿಲ್ಲ. ಮಾರ್ಚ್ ಏಪ್ರಿಲ್‌ನ ಪುಣೆಯ ಒಣ ಗಾಳಿಗೆ ನನ್ನ ದೊಡ್ಡ ಚೂರುಗಳು ಒಂದೇ ದಿನದಲ್ಲಿ ಒಣಗುತ್ತವೆ. ಅವರಿಗೆ ಸಣ್ಣ ತೊಗಟೆ ಜರಡಿ ಹಿಡಿದು, ಇದ್ದಿಲು ಕಡಿಮೆ ಮಾಡಿ, ಸಿಪ್ಪೆ ಎರಡು ಪಾಲು ಮತ್ತು ಹಿಡಿ ಪಾಚಿ ಸೇರಿಸಿ ಬೇರೆ ಚೀಲ ಕಟ್ಟಿದ್ದೇನೆ. ಅವರ ಗಿಡಗಳು ಈಗಲೇ ದಂಟು ಬಿಡಲು ಹೊರಟಿರಬಹುದು. ಹಾಗಿದ್ದರೆ ಹೂ ಮುಗಿಯುವ ತನಕ ಚೀಲ ಬಿಚ್ಚಬೇಡಿ ಎಂದು ಮೊದಲೇ ಹೇಳಿಟ್ಟಿದ್ದೇನೆ.

‘ಅಕ್ಕಿ ನೀರು ಮಾತ್ರ ನಾನು ಬಿಡೋದಿಲ್ಲ’ ಅಂದರು.

‘ಬಿಡಬೇಡಿ ಅತ್ತಿಗೆ. ಕರಿಬೇವಿಗೆ ಹಾಕಿ.’